ನಾಗರಹಾವಿಗೆ ಎಷ್ಟನೇ ನಂಬರು?

ನಮ್ಮ ಚಿತ್ರದುರ್ಗದವರನ್ನು ಕನ್ನಡದ ಅತ್ಯುತ್ತಮ ಸಿನಿಮಾ ಯಾವುದು ಅಂತ ಕೇಳಿ ನೋಡಿ. ಉತ್ತರ ಬರುವುದಿಲ್ಲ. ನಿಮ್ಮನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡುತ್ತಾರೆ, ಇದೂ ಒಂದು ಪ್ರಶ್ನೆಯಾ ಅನ್ನೋ ಹಾಗೆ. ನಾಗರಹಾವು ಇರುವಾಗ ಬೇರೆ ಮಾತು ಯಾಕೆ?

ನಾನೂ ಹಾಗೇ ಬೆಳೆದವನು. ಕೋಟೆಗೆ ಹೋದರೆ ಓಬವ್ವನ ಕಿಂಡಿ ಹತ್ತಿರ ಈಗಲೂ ಯಾರದಾದರೂ ಮೊಬೈಲಿನಲ್ಲಿ ‘ಕನ್ನಡ ನಾಡಿನ ವೀರ ರಮಣಿಯ’ ಕೇಳಿಸುತ್ತದೆ. ಓಬವ್ವ ಅಂದರೆ ನನ್ನ ಕಣ್ಣಿಗೆ ಬರುವುದು ಜಯಂತಿಯವರ ಮುಖವೇ. ಇನ್ನೂರು ವರ್ಷಕ್ಕೂ ಹಿಂದಿನ ಹೆಣ್ಣುಮಗಳಿಗೆ 1972ರ ಒಂದು ಹಾಡು ಮುಖ ಕೊಟ್ಟುಬಿಟ್ಟಿದೆ. ಇಂಥ ಸಿನಿಮಾಗೆ ನಾನು ನಂಬರು ಕೊಟ್ಟರೆ ಅದಕ್ಕೇನು ಬೆಲೆ? ಹೆತ್ತವರಿಗೆ ಹೆಗ್ಗಣ ಮುದ್ದು.

ಈ ಯೋಚನೆ ಬಂದಿದ್ದು ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಹಿಡಿದು ಕೂತಾಗ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. ಮೊದಲ ಸಲ ಗೆದ್ದಿದ್ದು ‘ಬೈಸಿಕಲ್ ಥೀವ್ಸ್’. ಆಗ ಅದು ಬಂದು ಬರೀ ನಾಲ್ಕು ವರ್ಷ! ಆಮೇಲೆ 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ‘ಜೀನ್ ಡೀಲ್‌ಮನ್’.

ಇಲ್ಲೊಂದು ತಮಾಷೆ ಇದೆ. ಒಬ್ಬೊಬ್ಬರೂ ಹತ್ತು ಸಿನಿಮಾ ಹೆಸರು ಕೊಡುತ್ತಾರೆ. ಹತ್ತಕ್ಕೂ ಒಂದೇ ತೂಕ. ಅಂದರೆ ಒಂದು ಸಿನಿಮಾ ಮೊದಲು ಬರಬೇಕಾದರೆ ಅದೇ ಎಲ್ಲಕ್ಕಿಂತ ದೊಡ್ಡದು ಅಂತ ಯಾರೊಬ್ಬರೂ ನಂಬಬೇಕಾಗಿಲ್ಲ. ಜಾಸ್ತಿ ಜನರ ಹತ್ತರಲ್ಲಿ ಇದ್ದರೆ ಸಾಕು. ಮದುವೆ ಊಟದಲ್ಲಿ ಏನೇನಿತ್ತು ಅಂತ ಕೇಳಿದರೆ ಎಲ್ಲರೂ ಕೋಸಂಬರಿ ಹೆಸರು ಹೇಳುತ್ತಾರೆ. ಹಾಗಂತ ಕೋಸಂಬರಿಗೋಸ್ಕರ ಯಾರಾದರೂ ಮದುವೆಗೆ ಹೋಗುತ್ತಾರಾ? (ಕೇನ್ ಕೋಸಂಬರಿ ಅಂತ ನಾನು ಹೇಳಲಿಲ್ಲ. ಬೈಬೇಡಿ.)

2022ರಲ್ಲಿ 1,600ಕ್ಕೂ ಹೆಚ್ಚು ಜನ ಮತ ಹಾಕಿದರು. ನೂರರ ಪಟ್ಟಿಯಲ್ಲಿ ನಮ್ಮ ದೇಶದ್ದು ಒಂದೇ, 35ನೇ ಜಾಗದಲ್ಲಿ ‘ಪಥೇರ್ ಪಾಂಚಾಲಿ’. ಸಿಟ್ಟು ಬಂತು. ಅದೇ ವರ್ಷ ಫಿಪ್ರೆಸ್ಕಿ ಅನ್ನೋ ಸಿನಿಮಾ ವಿಮರ್ಶಕರ ಅಂತಾರಾಷ್ಟ್ರೀಯ ಒಕ್ಕೂಟದ ಭಾರತ ಘಟಕ ನಮ್ಮ ದೇಶದ ಹತ್ತು ಸಿನಿಮಾ ಆರಿಸಿತು. ಅದರಲ್ಲಿ ಕನ್ನಡದ್ದು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’, ಐದನೇ ಸ್ಥಾನ. ಖುಷಿಪಡೋಣ ಅಂದರೆ ನಾನು ಆವರೆಗೆ ಅದನ್ನು ನೋಡಿಯೇ ಇರಲಿಲ್ಲ! ನಾಗರಹಾವನ್ನು ಇಪ್ಪತ್ತು ಸಲ ನೋಡಿದ ನಮ್ಮ ಬೀದಿಯ ಗೆಳೆಯರನ್ನು ಕೇಳಿದೆ. ಅವರೂ ನೋಡಿರಲಿಲ್ಲ. ಲಂಡನ್ನಿನವರು ನಮ್ಮದನ್ನು ನೋಡಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಇನ್ನು 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ಟಾಕಿ, ಅದರ ಒಂದು ಪ್ರಿಂಟೂ ಉಳಿದಿಲ್ಲ. ಅದಕ್ಕೆ ಎಷ್ಟನೇ ನಂಬರು ಕೊಡೋಣ ಹೇಳಿ.

ಹೀಗಾಗಿ ಪಟ್ಟಿಗಳನ್ನೆಲ್ಲ ಮೂಲೆಗೆ ಹಾಕುವವನಿದ್ದೆ. ಹಾಕದ ಹಾಗೆ ಮಾಡಿದ್ದು ನಮ್ಮ ಮನೆಯವರು.

‘ಜೀನ್ ಡೀಲ್‌ಮನ್’ ನೋಡೋಕೆ ಕೂತಿದ್ದೆ. 1975ರದ್ದು, ಶಾಂಟಲ್ ಅಕರ್‌ಮನ್ ಅನ್ನೋ ನಿರ್ದೇಶಕಿ ಮಾಡಿದ್ದು. ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಬ್ರಸೆಲ್ಸ್‌ನ ಒಬ್ಬ ವಿಧವೆ ಮೂರು ದಿನ ಮನೆಗೆಲಸ ಮಾಡುತ್ತಾಳೆ. ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ. ಕ್ಯಾಮೆರಾ ಅಲ್ಲಾಡೋದೇ ಇಲ್ಲ. ಅರ್ಧ ಗಂಟೆಗೇ ನನಗೆ ಆಕಳಿಕೆ. ನಮ್ಮನೆಯವರು ಆ ಕಡೆ ಬಂದವರು, “ಇದನ್ನ ನೋಡೋಕೆ ಟೀವಿ ಯಾಕ್ರೀ, ಅಡುಗೆಮನೆಗೆ ಬನ್ನಿ, ಬಿಟ್ಟಿ ತೋರಿಸ್ತೀನಿ” ಅಂದರು. ಆದರೂ ಸೊಪ್ಪು ಸೋಸುತ್ತಾ ಅಲ್ಲೇ ಕೂತರು.

ಎರಡನೇ ದಿನದ ಕಥೆ ನಡೀತಿತ್ತು. ಇವರ ಕೈ ನಿಂತಿತು. “ಅಯ್ಯೋ, ಆಲೂಗಡ್ಡೆ ಜಾಸ್ತಿ ಬೆಂದೋಯ್ತು. ಏನೋ ಆಗಿದೆ ಇವಳಿಗೆ” ಅಂದರು. ನನಗೆ ಏನೂ ಗೊತ್ತಾಗಿರಲಿಲ್ಲ. ಇಡೀ ಸಿನಿಮಾ ತಿರುಗೋದೇ ಅಲ್ಲಿ! ಅವತ್ತು ಕೊನೆವರೆಗೂ ನೋಡಿದ್ದು ಅವರೇ, ನಾನು ಮಧ್ಯೆ ಹತ್ತು ನಿಮಿಷ ತೂಕಡಿಸಿದೆ. ಬ್ರಸೆಲ್ಸ್ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ, ಪಟ್ಟಿ ಗಿಟ್ಟಿ ಮೊದಲೇ ಬೇಕಿಲ್ಲ. ಒಂದು ಸಿನಿಮಾಗೆ ನಂಟೇ ಇಲ್ಲದವರು ಕೈಲಿದ್ದ ಸೊಪ್ಪು ಬಿಟ್ಟು ನೋಡಿದರು ಅಂದರೆ, ಅದಕ್ಕೆ ಪಟ್ಟಿಯಲ್ಲಿ ಜಾಗ ಕೊಡೋಕೆ ನನ್ನ ತಕರಾರಿಲ್ಲ. ಒಂದನೇ ಜಾಗವಾ? ಅದು ಬೇರೆ ಮಾತು.

ಅದೇ ಅಳತೆಗೋಲು ನಾಗರಹಾವಿಗೂ ಇಡಬೇಕಲ್ವಾ? ಇಟ್ಟೆ, ಒಳಗೊಳಗೇ ಅಳುಕಿತ್ತು.

ನಮ್ಮಕ್ಕನ ಮಗ ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗ. ದಸರಾ ರಜೆಗೆ ಬಂದಿದ್ದ. ಅವನಿಗೆ ದುರ್ಗ ಅಂದರೆ ಬಿಸಿಲು ಮತ್ತೆ ಕಲ್ಲು. ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟು ಹಿಡಿದು ಕೂರಿಸಿದೆ. ಹಾಡು ಬಂದಾಗೆಲ್ಲ ಅವನು ಮೊಬೈಲ್ ನೋಡಿದ. ‘ಬಾರೆ ಬಾರೆ’ಯ ಸ್ಲೋ ಮೋಷನ್ನಿಗೆ ಕಿಸಕ್ಕನೆ ನಕ್ಕ. ನನಗೆ ಉರಿಯಿತು. ಓಬವ್ವ ಬಂದಾಗಲೂ ತಲೆ ಎತ್ತಿದವನು ಮತ್ತೆ ಇಳಿಸಿದ. ಆದರೆ ಚಾಮಯ್ಯ ಮೇಷ್ಟ್ರು ಬಂದು ಅಲಮೇಲುವನ್ನು ಬಿಟ್ಟುಬಿಡು ಅಂತ ರಾಮಾಚಾರಿಗೆ ಹೇಳುತ್ತಾರಲ್ಲ, ಆಗ ಮೊಬೈಲ್ ಪಕ್ಕಕ್ಕೆ ಹೋಯಿತು. ಆಮೇಲೆ ಕೈಗೆ ಬರಲಿಲ್ಲ.

ಸಿನಿಮಾ ಮುಗಿದ ಮೇಲೆ ಕೇಳಿದ, “ಮಾಮ, ಮೇಷ್ಟ್ರೇ ತಪ್ಪು ಮಾಡಿದ್ರು ಅಲ್ವಾ?”

ನಾನು ಇಷ್ಟು ವರ್ಷ ಮೇಷ್ಟ್ರ ಪಾತ್ರದ ಅಶ್ವತ್ಥ್ ಅವರನ್ನು ನೋಡಿ ಅತ್ತಿದ್ದೇನೆಯೇ ಹೊರತು ಒಂದು ಸಲವೂ ಹಾಗೆ ಯೋಚಿಸಿರಲಿಲ್ಲ. ಮೇಷ್ಟ್ರ ಪ್ರೀತಿ ಸುಳ್ಳಲ್ಲ. ಆದರೆ ಜಾತಿ ವಿಷಯ ಬಂದಾಗ ಆ ಪ್ರೀತಿಯನ್ನೇ ಹಿಡಿದು ಹುಡುಗನ ಕೈ ಕಟ್ಟುತ್ತಾರೆ. ಅಲಮೇಲುವಿನ ಬಾಳು ಮೂರಾಬಟ್ಟೆ ಆಗುತ್ತದೆ. ಮಾರ್ಗರೇಟ್ ಬಂದಾಗ ಮತ್ತದೇ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ನಮ್ಮನ್ನು ಮೇಷ್ಟ್ರ ಪಕ್ಕ ಕೂರಿಸಿ ಅಳಿಸುತ್ತಲೇ, ಮೇಷ್ಟ್ರು ಹೇಳಿದ್ದು ತಪ್ಪು ಅಂತಲೂ ತೋರಿಸಿಬಿಟ್ಟಿದ್ದಾರೆ. ಐವತ್ತು ವರ್ಷ ಆಯ್ತು, ನಾವು ಬಂಡೆ ನೋಡುತ್ತಾ ಕೂತಿದ್ದೇವೆ.

ಕಾದಂಬರಿ ಬರೆದ ತರಾಸು ಅವರಿಗೆ ಸಿನಿಮಾ ಹಿಡಿಸಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ಹಿಂದಿಗೆ ತೆಗೆದುಕೊಂಡು ಹೋದರು, ‘ಜಹ್ರೀಲಾ ಇನ್ಸಾನ್’ ಅಂತ, ರಿಷಿ ಕಪೂರ್ ಹಾಕಿಕೊಂಡು. ಓಡಲಿಲ್ಲ. ಕಥೆ ಅದೇ, ನಿರ್ದೇಶಕರೂ ಅವರೇ. ವಿಷ್ಣುವರ್ಧನ್ ಇಲ್ಲ, ನಮ್ಮ ಅಶ್ವತ್ಥ್ ಇಲ್ಲ.

ಮರುದಿನ ಬೆಳಿಗ್ಗೆ ಹುಡುಗನನ್ನು ಕೋಟೆಗೆ ಕರೆದುಕೊಂಡು ಹೋದೆ. ಕಿಂಡಿಯ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ. ಮೇಲೆ ಹತ್ತಿ ಊರಿನ ಕಡೆ ನೋಡುತ್ತಾ ಕೇಳಿದ, “ಮಾಮ, ಮೇಷ್ಟ್ರ ಮನೆ ಯಾವ ಬೀದೀಲಿ?”

ನಾನು ಸುಮ್ನೆ ಯಾವುದೋ ಬೀದಿ ಕಡೆ ಕೈ ತೋರಿಸಿದೆ.