ಪ್ರೀಮಿಯಂ ಊರಿನ ಎಲೈಟ್ ಜನ

ತುಮಕೂರಿನಲ್ಲಿ ಈಗ ಬರೀ ಅಂಗಡಿ ಅಂತ ಒಂದೂ ಉಳಿದಿಲ್ಲ. ಬಟ್ಟೆ ಅಂಗಡಿ ಎಕ್ಸ್‌ಕ್ಲೂಸಿವ್, ಕಲ್ಯಾಣ ಮಂಟಪ ಗ್ರ್ಯಾಂಡ್, ಕೋಚಿಂಗ್ ಸೆಂಟರ್ ಬ್ರಿಲಿಯಂಟ್, ಕಟಿಂಗ್ ಶಾಪ್ ಯೂನಿಕ್. ಒಂದೇ ರಸ್ತೆಯಲ್ಲಿ ಎರಡು ಯೂನಿಕ್ ಕಟಿಂಗ್ ಶಾಪ್ ಎದುರುಬದುರು ಇದ್ದರೂ ಯಾರಿಗೂ ನಗು ಬರುವುದಿಲ್ಲ. ಇಬ್ಬರೂ ಒಂದೇ ಥರ ಕಟಿಂಗ್ ಮಾಡುತ್ತಾರೆ ಅನ್ನೋದು ಬೇರೆ ಮಾತು.

ಈ ಬಿರುದುಗಳನ್ನೆಲ್ಲ ಕೊಡುವುದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಫ್ಲೆಕ್ಸ್ ಅಂಗಡಿ. ಅಲ್ಲೊಂದು ಅರ್ಧ ಗಂಟೆ ಸುಮ್ನೆ ಕೂತರೆ ಸಾಕು, ಊರು ಹೇಗೆ ಉದ್ಧಾರವಾಗುತ್ತಿದೆ ಅಂತ ಗೊತ್ತಾಗುತ್ತದೆ. ಲೇಔಟ್ ಮಾಡುತ್ತಿರುವ ಇಬ್ಬರು ಪಾರ್ಟ್‌ನರ್‌ಗಳು ಬಂದಿದ್ದರು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಕತ್ತು ಎತ್ತದೆ ಕೇಳಿದ.

"ಏನ್ ಹಾಕ್ಲಿ ಸಾರ್? ಪ್ರೀಮಿಯಮ್ಮಾ, ಲಕ್ಷುರಿನಾ?"

"ಯಾವ್ದಪ್ಪ ದೊಡ್ಡದು?"

"ಪ್ರೀಮಿಯಂ ಈಗ ಎಲ್ರೂ ಹಾಕಿಸ್ತಾರೆ ಸಾರ್. ಮೊನ್ನೆ ಮಟನ್ ಸ್ಟಾಲ್‌ಗೂ ಅದೇ ಹಾಕ್ದೆ. ಲಕ್ಷುರಿನ ಟೈಲ್ಸ್‌ನೋರು ಕೆಡಿಸಿಟ್ರು. ನೀವು ಎಲೈಟ್‌ಗೆ ಹೋಗಿ."

"ಎಲೈಟ್ ಅಂದ್ರೇನು?"

"ನಂಗೂ ಗೊತ್ತಿಲ್ಲ ಸಾರ್. ರೇಟ್ ಜಾಸ್ತಿ ಇರೋ ಕಡೆ ಹಾಕ್ತಾರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯವರಿಗೆ ಸಮಾಧಾನವಾಗಲಿಲ್ಲ. ಪಕ್ಕದ ಸರ್ವೆ ನಂಬರಿನವರು ಆಗಲೇ ಎಲೈಟ್ ಹಾಕಿಸಿದ್ದಾರಂತೆ. "ಮುಂದೆ ಅಲ್ಟ್ರಾ ಅಂತ ಸೇರಿಸಪ್ಪ. ಹಿಂದೆ ವರ್ಲ್ಡ್ ಕ್ಲಾಸ್ ಹಾಕು. ಪ್ರೀಮಿಯಮ್ಮೂ ಇರ್ಲಿ. ಚದರಡಿ ಲೆಕ್ಕ ತಾನೇ ನೀನು ದುಡ್ಡು ತಗೊಳ್ಳೋದು? ಪದದ ಲೆಕ್ಕ ಅಲ್ವಲ್ಲ?"

ಅಲ್ಲ. ಅದೇ ಕಾರಣಕ್ಕೆ ಹತ್ತು ಅಡಿ ಫ್ಲೆಕ್ಸ್ ಮೇಲೆ ಒಂಬತ್ತು ಅಡಿ ಹೊಗಳಿಕೆ ಬಂತು. ಜಮೀನಿನಲ್ಲಿ ಇನ್ನೂ ರಾಗಿ ಕೂಳೆ ಇದೆ. ಬ್ಯಾನರಿನಲ್ಲಿ ಈಜುಕೊಳ, ಖರ್ಜೂರದ ಮರ, ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟ ಬಿಳಿ ಸಂಸಾರ. ಸೈಟು ತಗೊಳ್ಳೋರಿಗೆ ನಿಜಕ್ಕೂ ಬೇಕಾದ ಎರಡು ಇಂಗ್ಲಿಷ್ ಮಾತುಗಳಿವೆ: ಡಿಸಿ ಕನ್ವರ್ಟೆಡ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿ ಒಪ್ಪಿದ್ದು; ಟುಡಾ ಅಪ್ರೂವ್ಡ್, ಅಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ್ದು. ಅವೆರಡೂ ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿಯಾದ ರೇರಾ ನಂಬರಿನ ಜೊತೆ ಕೆಳಗೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದ ಸೈಜಿನಲ್ಲಿ. ಇನ್ನೊಂದು ಮೂಲೆಯಲ್ಲಿ ಒಂದು ಹಸಿರು ಎಲೆ, ಪಕ್ಕದಲ್ಲಿ 'ಇಕೋ ಫ್ರೆಂಡ್ಲಿ'. ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರುಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧ ಮಾಡಿದೆ ಅಂತ ಆ ಎಲೆಗೆ ಯಾರೂ ಹೇಳಿಲ್ಲ.

ಇವರನ್ನು ಪೆದ್ದರು ಅಂದುಕೊಂಡರೆ ನಾವೇ ಪೆದ್ದರು. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ನೋಡಿ. ಜಾಹೀರಾತಿನಲ್ಲಿರುವ ಸುಳ್ಳು ಮಾತು ನಂಬಿ ಯಾರಾದರೂ ದುಡ್ಡು ಕಟ್ಟಿ ನಷ್ಟ ಮಾಡಿಕೊಂಡರೆ, ಲೇಔಟ್ ಮಾಡಿದವರು ಪರಿಹಾರ ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೀಗಿರುವಾಗ '40 ಅಡಿ ರಸ್ತೆ' ಅಂತ ಬರೆಯೋದು ಅಪಾಯ. ಯಾವನಾದರೂ ನಿವೃತ್ತ ಮೇಷ್ಟ್ರು ಟೇಪು ಹಿಡಿದುಕೊಂಡು ಬಂದರೆ ಮುಗಿಯಿತು. '24 ಗಂಟೆ ನೀರು' ಅಂದರೆ ಕೊಡ ಹಿಡಿದುಕೊಂಡು ಬರುತ್ತಾರೆ. ಆದರೆ ಎಲೈಟ್ ಅಳೆಯುವ ಟೇಪು ಯಾರ ಹತ್ತಿರ ಇದೆ? ಅಲ್ಟ್ರಾ ಪ್ರೀಮಿಯಂ ಸಿಗಲಿಲ್ಲ ಅಂತ ಯಾವ ವಕೀಲರು ನೋಟಿಸ್ ಬರೆಯುತ್ತಾರೆ? ಅಂಕಿ ಬರೆದವನು ಸಿಕ್ಕಿಬೀಳುತ್ತಾನೆ, ವರ್ಲ್ಡ್ ಕ್ಲಾಸ್ ಅಂದವನು ಪಾರಾಗುತ್ತಾನೆ. ಜಾಹೀರಾತಿನವರೇ 1985ರಲ್ಲಿ ಕಟ್ಟಿಕೊಂಡ ನಿಯಂತ್ರಣ ಮಂಡಳಿಯ ನೀತಿಸಂಹಿತೆಯಲ್ಲೂ, ನೋಡಿದ ಕೂಡಲೇ ಉತ್ಪ್ರೇಕ್ಷೆ ಅಂತ ಗೊತ್ತಾಗುವ ಮಾತಿಗೆ ವಿನಾಯಿತಿ ಇದೆ. ಅಂದರೆ ಸಣ್ಣ ಸುಳ್ಳು ತಪ್ಪು, ತೀರಾ ದೊಡ್ಡದಾದರೆ ಪರವಾಗಿಲ್ಲ.

ಕನ್ನಡದಲ್ಲಿ ಈ ಸೌಲಭ್ಯ ಇಲ್ಲ, ಅದೇ ತೊಂದರೆ. 'ಒಳ್ಳೆ ಲೇಔಟ್' ಅಂತ ಬರೆದು ನೋಡಿ. ತಕ್ಷಣ ಒಬ್ಬರು ಕೇಳುತ್ತಾರೆ: ಏನು ಒಳ್ಳೇದು? ಬೋರ್ ಎಷ್ಟು ಅಡಿಗೆ ಬಿದ್ದಿದೆ? ಖಾತೆ ಆಗಿದೆಯಾ? ಇಂಗ್ಲಿಷ್ ಹೊಗಳಿಕೆಗೆ ಪ್ರಶ್ನೆ ಕೇಳಿದರೆ ನಮಗೇ ಇಂಗ್ಲಿಷ್ ಬರಲ್ಲ ಅಂದುಕೊಳ್ಳುತ್ತಾರೇನೋ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡು ಟೋಕನ್ ಅಡ್ವಾನ್ಸ್ ಕೊಡುತ್ತಾರೆ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ ನನಗೆ ಸ್ವಲ್ಪ ಆಸೆ ಹುಟ್ಟಿತ್ತು. ಈಗ ನೋಡಿ: 'ದಿ ರಾಯಲ್ ಎಕ್ಸ್‌ಕ್ಲೂಸಿವ್ ಪ್ರೀಮಿಯಂ ಮೆನ್ಸ್ ವೇರ್'. ದಪ್ಪ ಕನ್ನಡ ಅಕ್ಷರ, ಹಳದಿ ಕೆಂಪು ಬಣ್ಣ. ಕಾನೂನು ಪಾಲಿಸಿದ್ದಾರೆ, ಒಂದು ಮಾತೂ ಆಡುವ ಹಾಗಿಲ್ಲ.

ಮನೆಯೊಳಗೂ ದರ ಏರಿದೆ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮೊದಲು 'ನೈಸ್' ಅಂದರೆ ಸಂತೋಷಪಡುತ್ತಿದ್ದರು. ಈಗ ನೈಸ್ ಅಂದರೆ ಜಗಳ. ಎಂಗೇಜ್‌ಮೆಂಟ್ ಫೋಟೋಗೆ ಬರೀ ನೈಸ್ ಅಂತ ಹಾಕಿದ ಸೊಸೆಯ ಬಗ್ಗೆ ಅತ್ತೆ ಮೂರನೇ ಮನೆಯವರ ಹತ್ತಿರ ಹೇಳಿಕೊಂಡಿದ್ದನ್ನು ನಾನೇ ಕೇಳಿದ್ದೇನೆ: "ನಮ್ ನಾದಿನಿ ಮಗಳಿಗೆ ಗಾರ್ಜಿಯಸ್ ಅಂತ ಹಾಕಿದ್ಳು ಕಣೇ, ನಮ್ ಹುಡುಗಿಗೆ ನೈಸ್ ಅಂತೆ." ಸೂಪರ್ ಪಾಪ ಎಲ್ಲರಿಗೂ ಬರುತ್ತದೆ, ಹಾಗಾಗಿ ಅದಕ್ಕೆ ಬೆಲೆಯೇ ಇಲ್ಲ. ಆಸಮ್ ಹುಟ್ಟುಹಬ್ಬಕ್ಕೆ, ಅಮೇಜಿಂಗ್ ಗೃಹಪ್ರವೇಶಕ್ಕೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮಾತ್ರ ಇಷ್ಟು ವರ್ಷ ಯಾವ ಬಿರುದೂ ಇಲ್ಲದೆ ಬದುಕಿತ್ತು. ತಟ್ಟೆಯಲ್ಲಿ ಬೇಯಿಸಿದ್ದು, ಅದಕ್ಕೆ ತಟ್ಟೆ ಇಡ್ಲಿ. ಮೇಲೊಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ, ನಿಂತುಕೊಂಡೇ ತಿನ್ನೋದು. ಅದನ್ನೂ ಬಿಡುವ ಲಕ್ಷಣ ಇಲ್ಲ, ಹೆದ್ದಾರಿ ಬೋರ್ಡುಗಳಲ್ಲಿ 'ಒರಿಜಿನಲ್' ಬಂದಾಗಿದೆ.

ಸರ್ಕಾರವೂ ಹಿಂದೆ ಬಿದ್ದಿಲ್ಲ. 2016ರ ಸೆಪ್ಟೆಂಬರಿನಲ್ಲಿ ತುಮಕೂರಿಗೆ ದೆಹಲಿಯಿಂದಲೇ 'ಸ್ಮಾರ್ಟ್' ಅನ್ನೋ ಬಿರುದು ಬಂತು. ಅದಕ್ಕೂ ಮುಂಚೆ ನಾವು ಪೆದ್ದರಾಗಿದ್ದೆವು ಅಂತ ಯಾರಿಗೂ ಅನ್ನಿಸಿರಲಿಲ್ಲ. ತಾಲೂಕುಗಳ ಪಾಲಿಗೆ ಬಂದಿದ್ದು 'ಹೈಟೆಕ್'. ಬಸ್ ನಿಲ್ದಾಣ ಹೈಟೆಕ್, ಶೌಚಾಲಯ ಹೈಟೆಕ್. ಜಿಲ್ಲೆಯ ಒಂದು ಊರಿನಲ್ಲಿ ಅಂಥದ್ದೊಂದು ಹೈಟೆಕ್ ಶೌಚಾಲಯದ ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದ ಟೀ ಅಂಗಡಿಯವರನ್ನು ಕೇಳಿದೆ. "ಬೀಗದ ಕೈ ಮೆಂಬರ್ ಮನೇಲಿದೆ ಸಾರ್. ತೆಗೆದ್ರೆ ಗಲೀಜಾಗುತ್ತೆ ಅಂತ ತೆಗ್ಯಲ್ಲ" ಅಂದರು.

ನನ್ನದೊಂದು ಸಲಹೆ ಇದೆ. ಜಾಹೀರಾತಿಗೆ ಚದರಡಿ ಲೆಕ್ಕ ಬಿಟ್ಟು ಹೊಗಳಿಕೆಯ ಲೆಕ್ಕದಲ್ಲಿ ತೆರಿಗೆ ಹಾಕಿ. ನೈಸ್‌ಗೆ ವಿನಾಯಿತಿ. ಸೂಪರ್‌ಗೆ ನೂರು ರೂಪಾಯಿ, ಹೇಗಿದ್ದರೂ ಅದು ಕನ್ನಡವೇ ಆಗಿದೆ. ಪ್ರೀಮಿಯಂಗೆ ಸಾವಿರ. ಎಲೈಟ್‌ಗೆ ಅಫಿಡವಿಟ್ಟು. ವರ್ಲ್ಡ್ ಕ್ಲಾಸ್‌ಗೆ ತಹಶೀಲ್ದಾರ್ ಸ್ಥಳ ಪರಿಶೀಲನೆ, ಜೊತೆಗೆ ಪಾಸ್‌ಪೋರ್ಟ್ ಇರುವ ಇಬ್ಬರು ಸಾಕ್ಷಿಗಳು. ಇದು ಜಾರಿಯಾದರೆ ಒಂದೇ ವರ್ಷದಲ್ಲಿ ಜಿಲ್ಲೆಯ ರಸ್ತೆಗಳಿಗೆಲ್ಲ ಡಾಂಬರು ಹಾಕಿಸಬಹುದು. ಹೈಟೆಕ್‌ಗೆ ಎಷ್ಟು ಅಂತ ಇನ್ನೂ ನಿಗದಿ ಮಾಡಿಲ್ಲ. ಅದರಲ್ಲಿ ಬಾಕಿ ಕಟ್ಟಬೇಕಾದವರು ಸರ್ಕಾರದವರೇ ಆದ್ದರಿಂದ, ಮೊದಲು ಮೆಂಬರ್ ಮನೆಯಿಂದ ಬೀಗದ ಕೈ ತರಿಸಲಿ.