ಮನೆಯ ವಯಸ್ಸಿಗೆ ರಿಯಾಯಿತಿ ಇದೆ, ಮನೆಯೊಡತಿಯ ವಯಸ್ಸಿಗಿಲ್ಲ

ಇವತ್ತು ಬೆಳಗ್ಗೆ ಎದುರು ಮನೆ ಅಜ್ಜಿಯ ಮನೆ ಕಂದಾಯ (ಆಸ್ತಿ ತೆರಿಗೆ) ಕಟ್ಟಿಕೊಟ್ಟೆ. ಆಗಿನಿಂದ ಮನಸ್ಸು ಸರಿಯಿಲ್ಲ. ಬರೆದೇ ಬಿಡುತ್ತೇನೆ.

ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನಮ್ಮ ಬೀದಿಯ ಹಿರಿಯರ ಆನ್‌ಲೈನ್ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ, ನಿಮಗೆ ಗೊತ್ತೇ ಇದೆ. ಪ್ರತಿ ಏಪ್ರಿಲ್‌ನಲ್ಲಿ ಅಜ್ಜಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬರುತ್ತಾರೆ. ಅದರಲ್ಲಿ ಹಳೇ ರಸೀದಿಗಳು, ವರ್ಷದ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದು. ಒಂದು ವರ್ಷವೂ ತಪ್ಪಿಲ್ಲ. ದುಡ್ಡೆಲ್ಲ ಮಡಚಿದ ಐವತ್ತು, ನೂರರ ನೋಟುಗಳು. ಎಣಿಸಿದರೆ 4,900. ಕಟ್ಟಬೇಕಾಗಿದ್ದು 5,700 ಚಿಲ್ಲರೆ.

"ಮಿಕ್ಕಿದ್ದು ಮುಂದಿನ ತಿಂಗಳು ಕೊಟ್ರೆ ಆಗಲ್ವೇನಪ್ಪಾ?" ಅಂದರು.

ಎರಡು ಕಂತಲ್ಲಿ ಕಟ್ಟಬಹುದು. ಆದರೆ ಶೇ. 5 ರಿಯಾಯಿತಿ ಕೈತಪ್ಪುತ್ತದೆ. ಅದು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ಮಾತ್ರ. ದುಡ್ಡು ಇರೋರಿಗೆ ಕಡಿಮೆ, ಕೂಡಿಸಿ ಕೂಡಿಸಿ ಕಟ್ಟೋರಿಗೆ ಜಾಸ್ತಿ. ಇದು ಯಾವ ನ್ಯಾಯ?

ಅಜ್ಜಿಯ ಯಜಮಾನರು ಕಾರ್ಖಾನೆಯಲ್ಲಿದ್ದವರು. ಈಗ ಇವರಿಗೆ ಬರುವ ಇಪಿಎಸ್ (ಪಿಎಫ್ ಇದ್ದ ನೌಕರರ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 1,000 ರೂಪಾಯಿ. 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ಅದು. ಮಗಳು ಕೈಲಾದಷ್ಟು ಕಳಿಸುತ್ತಾಳೆ, ಅಷ್ಟೇ. ಇನ್ನು 2025ರ ಏಪ್ರಿಲ್‌ನಿಂದ ಬೆಂಗಳೂರಲ್ಲಿ ಕಸದ ಶುಲ್ಕವೂ ಕಂದಾಯದ ಜೊತೆಗೇ ಬರುತ್ತಿದೆ. ಸಾವಿರ ಚದರಡಿ ದಾಟಿ ಎರಡು ಸಾವಿರದವರೆಗಿನ ಮನೆಗೆ ತಿಂಗಳಿಗೆ 100, ವರ್ಷಕ್ಕೆ 1,200. ಒಬ್ಬರೇ ಇರುವ ಅಜ್ಜಿ ಮನೆಯ ಕಸ ಎಷ್ಟಿರುತ್ತದೆ? ಕಾಫಿ ಚರಟ, ನಾಲ್ಕು ತರಕಾರಿ ಸಿಪ್ಪೆ. ಅದಕ್ಕೆ ಒಂದು ತಿಂಗಳ ಪಿಂಚಣಿಯೂ ಸಾಲದು.

ಕಟ್ಟಡ ಹಳೆಯದಾದರೆ ಸವಕಳಿ ಅಂತ ತೆರಿಗೆ ಲೆಕ್ಕದಲ್ಲಿ ಕಳೆಯುತ್ತಾರೆ. ಗೋಡೆಗೆ ವಯಸ್ಸಾದರೆ ಕಡಿಮೆ ಆಗುತ್ತದೆ. ಒಳಗಿರೋ ಮನುಷ್ಯರಿಗೆ ವಯಸ್ಸಾದರೆ ಇಲ್ಲ! ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹಿರಿಯರಿಗೆ ಶೇ. 25 ರಿಯಾಯಿತಿ ಉಂಟು. ದೆಹಲಿಯಲ್ಲಿ ಹಿರಿಯರು ತಾವೇ ವಾಸವಿರುವ ಒಂದು ಮನೆಗೆ, 200 ಚದರ ಮೀಟರ್‌ವರೆಗೆ, ತೆರಿಗೆಯಲ್ಲೇ ಶೇ. 30 ಬಿಡುತ್ತಾರೆ. ನಮಗೇಕೆ ಆಗುವುದಿಲ್ಲ?

"ಕೋಟಿ ಬಾಳೋ ಜಾಗದಲ್ಲಿದ್ದಾರೆ, ಮಾರಲಿ" ಅಂತ ಯಾರಾದರೂ ಕಮೆಂಟ್ ಹಾಕುತ್ತೀರಿ, ಗೊತ್ತು. ಸೈಟು ತಗೊಂಡಾಗ ಅದು ಊರಾಚೆಯ ಬಯಲು. ಸುತ್ತ ಊರು ಬೆಳೆಯಿತು, ಸರ್ಕಾರ ಜಾಗಕ್ಕೆ ಕಟ್ಟುವ ಮಾರ್ಗಸೂಚಿ ದರ ಏರಿತು, ಅದರ ಮೇಲೆಯೇ ತೆರಿಗೆ ವಲಯವೂ ನಿಗದಿಯಾಯಿತು. ಇದರಲ್ಲಿ ಅಜ್ಜಿ ಕೈಗೆ ಬಂದದ್ದೇನು? ಎಂಬತ್ತರ ಹತ್ತಿರ ಮಾರಿ ಎಲ್ಲಿಗೆ ಹೋಗಬೇಕು? ಒಂದು ರೂಮು ಬಾಡಿಗೆಗೆ ಕೊಟ್ಟರೆ ಆ ಭಾಗಕ್ಕೆ ತೆರಿಗೆ ದರ ದುಪ್ಪಟ್ಟು. ರಿವರ್ಸ್ ಮಾರ್ಟ್‌ಗೇಜ್, ಅಂದರೆ ಮನೆ ಅಡವಿಟ್ಟು ಅದರಲ್ಲೇ ಇದ್ದುಕೊಂಡು ಬ್ಯಾಂಕಿನಿಂದ ದುಡ್ಡು ಪಡೆಯೋದು, ಅಂತೀರಾ? 2007ರಿಂದ ಇದೆ. ನನ್ನ ಸರ್ವೀಸಿನಲ್ಲಿ ಅದನ್ನು ಕೇಳಿಕೊಂಡು ಬಂದ ಒಬ್ಬ ಹಿರಿಯರನ್ನೂ ನಾನು ನೋಡಲಿಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ಅಪ್ಪ ಹೋದ ಮೇಲೆ ಅವರ ಕಂದಾಯದ ಫೈಲಿನಲ್ಲಿ ಒಂದು ಅಡವಿನ ಚೀಟಿ ಸಿಕ್ಕಿತು. ಅಮ್ಮನ ಬಳೆ. ತಾರೀಕು ನೋಡಿದರೆ ಕಂದಾಯ ಕಟ್ಟಿದ ಹಿಂದಿನ ದಿನ. ನಾನು ಆಗ ಬ್ಯಾಂಕಿನಲ್ಲಿ ಸಂಬಳ ಎಣಿಸುತ್ತಿದ್ದೆ. ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಊರಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಪೂರ್ತಿ ಮನ್ನಾ ಕೇಳುತ್ತಿಲ್ಲ. ಅರವತ್ತು ದಾಟಿ, ಒಂದೇ ಮನೆ ಇದ್ದು, ಅದರಲ್ಲೇ ವಾಸವಿದ್ದು, ಆದಾಯ ಕಡಿಮೆ ಇರೋರಿಗೆ ಅರ್ಧ ಬಿಡಲಿ. ಅದೂ ಆಗದಿದ್ದರೆ ತೆರಿಗೆಯನ್ನು ಬಾಕಿ ಬರೆದಿಟ್ಟುಕೊಂಡು, ಮನೆ ಮಕ್ಕಳ ಹೆಸರಿಗೆ ಖಾತೆ ಆಗುವಾಗ ವಸೂಲಿ ಮಾಡಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ಹೀಗೆ ತೆರಿಗೆ ಮುಂದೂಡಬಹುದು.

ಈ ಭಾನುವಾರ ಅಜ್ಜಿ ಜೊತೆ ಕೂತು ಅರ್ಜಿ ಬರೆಯುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಇಂಥವರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಅವರ ಸಹಿಯನ್ನೂ ಸೇರಿಸೋಣ.