ದುಡ್ಡು ಅವರಿಗೆ, ಕಂತು ನಮ್ಮ ಹುಡುಗನಿಗೆ

ಬೆಳಗ್ಗೆ ತಿಪಟೂರಿಂದ ಅಕ್ಕ ಬಂದಿದ್ಲು. ಕಾಫಿ ಲೋಟ ಕೈಗೆ ಕೊಟ್ಟಿದ್ದೆ ಅಷ್ಟೇ, ರಿಕವರಿಯವನ ಫೋನು, "ಅಮ್ಮಾ, ನಿಮ್ಮ ಮಗ ಎರಡು ಕಂತು ಕಟ್ಟಿಲ್ಲ, ಫೋನ್ ಎತ್ತಲ್ಲ, ಎಲ್ಲಿದ್ದಾನೆ?" ಲೋಟ ಕೆಳಗಿಟ್ಟವಳು ಮತ್ತೆ ಮುಟ್ಲಿಲ್ಲ, ಕಾಫಿ ಕೆನೆ ಕಟ್ಕೊಂಡು ಕೂತಿತ್ತು. ಆಗಿಂದ ನನಗೆ ಮೈ ಉರೀತಿದೆ.

ಹುಡುಗ ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಡೇಟಾ ಅನಾಲಿಟಿಕ್ಸ್ ಅಂತ ಆರು ತಿಂಗಳ ಕೋರ್ಸ್ ಸೇರಿದ. ಫೀಸು 1,20,000. ನೂರಕ್ಕೆ ನೂರು ಪ್ಲೇಸ್‌ಮೆಂಟು, ತಿಂಗಳಿಗೆ 5,000ದಂತೆ 24 ಕಂತು, ಬಡ್ಡಿ ಇಲ್ಲ ಅಂದ್ರಂತೆ. ಅಲ್ಲೇ ಟೇಬಲ್ ಮುಂದೆ ಆಧಾರ್, ಪ್ಯಾನ್ ಕೇಳಿದ್ರು, ಒಟಿಪಿ ಬಂತು, ಇವನು ಹೇಳ್ದ, ಮುಗೀತು. ಫೀಸಿನ ಕಂತು ಅಂದ್ಕೊಂಡಿದ್ದು ಫೈನಾನ್ಸ್ ಕಂಪನಿ ಸಾಲ ಅಂತ ಗೊತ್ತಾಗಿದ್ದು ಮೊದಲ ಇಎಂಐ ಮೆಸೇಜು ಬಂದಾಗ. ಅಷ್ಟರಲ್ಲಿ ಪೂರ್ತಿ ದುಡ್ಡು ಇನ್‌ಸ್ಟಿಟ್ಯೂಟಿಗೆ ಹೋಗಿತ್ತು.

ನನ್ನ ಸಿಟ್ಟು ಇದೊಂದಕ್ಕೇ. ಮೊದಲೇ ಪೂರ್ತಿ ದುಡ್ಡು ಕೈ ಸೇರಿದ್ಮೇಲೆ ಇವನಿಗೆ ಕೆಲಸ ಸಿಕ್ಕರೆಷ್ಟು ಬಿಟ್ಟರೆಷ್ಟು ಅವರಿಗೆ? ಎರಡನೇ ತಿಂಗಳಿಗೆ ಮೇಷ್ಟ್ರು ಬಿಟ್ಟೋದ್ರು, ಆಮೇಲೆ ಬರೀ ವಿಡಿಯೋ. ಪ್ಲೇಸ್‌ಮೆಂಟ್ ಅಂತ ಕೊಡ್ಸಿದ್ದು ಕಾಲ್ ಸೆಂಟರ್ ಕೆಲಸ, ಸಂಬಳ 14,000. ಪಿಜಿಗೆ 7,000, ಕಂತಿಗೆ 5,000, ಉಳಿದ 2,000ದಲ್ಲಿ ಬಸ್ಸು, ಮಧ್ಯಾಹ್ನದ ಊಟ, ಎಲ್ಲ.

ಹುಡುಗ ಸರಿಯಾಗಿ ಕಲೀಲಿಲ್ವೇನೋ ಅಂತ ಭಾವನೇ ಅಂದ್ರು. ಖಂಡಿತ ಒಪ್ಪಲ್ಲ. ಅವನ ಬ್ಯಾಚಿನ ವಾಟ್ಸಾಪ್ ಗ್ರೂಪ್ ನೋಡಿದೆ, ತುಂಬಾ ಇಎಂಐ ಬೌನ್ಸ್ ಆದ ಸ್ಕ್ರೀನ್‌ಶಾಟುಗಳೇ. ಅಷ್ಟೂ ಮಕ್ಕಳು ದಡ್ಡರಾ?

ನಿಯಮ ಇಲ್ಲ ಅಂತಲ್ಲ. 2022ರಲ್ಲಿ ಆರ್‌ಬಿಐ ತಂದ ಡಿಜಿಟಲ್ ಸಾಲದ ನಿಯಮದಿಂದ, ಬೇಡ ಅನ್ನಿಸಿದ್ರೆ ಶುರುವಿನ ಗಡುವಿನೊಳಗೆ ಅಸಲು, ಅಷ್ಟು ದಿನದ ಬಡ್ಡಿ ಕೊಟ್ಟು ದಂಡ ಇಲ್ದೆ ಸಾಲ ಮುಚ್ಚಬಹುದು. ಆದ್ರೆ ಅಸಲು ಹುಡುಗನ ಹತ್ರ ಎಲ್ಲಿದೆ, ಇನ್‌ಸ್ಟಿಟ್ಯೂಟಿನ ಹತ್ರ ಇದೆ, ಅವರು ಫೀಸು ವಾಪಸ್ ಕೊಡಲ್ಲ! ಅಮೆರಿಕದಲ್ಲಿ ಕೊರಿಂಥಿಯನ್ ಕಾಲೇಜುಗಳು ಇದೇ ಥರ ಪ್ಲೇಸ್‌ಮೆಂಟಿನ ಸುಳ್ಳು ಲೆಕ್ಕ ಹೇಳಿ 2015ರಲ್ಲಿ ಮುಚ್ಚಿಹೋದ್ವು, 2022ರಲ್ಲಿ ಅಲ್ಲಿನ ಸರ್ಕಾರ ಸುಮಾರು 5.6 ಲಕ್ಷ ಜನರ 580 ಕೋಟಿ ಡಾಲರ್ ಸಾಲ ಮನ್ನಾ ಮಾಡ್ತು. ಅದಕ್ಕೂ ಏಳು ವರ್ಷ ಬೇಕಾಯ್ತು, ಮತ್ತೆ ಅದು ಸರ್ಕಾರವೇ ಕೊಟ್ಟಿದ್ದ ಸಾಲ. ಇಲ್ಲಿ ಖಾಸಗಿ ಫೈನಾನ್ಸಿನವರ ಹತ್ರ ಯಾರು ಮನ್ನಾ ಮಾಡಿಸ್ತಾರೆ?

ಇನ್ನೊಂದು ಹೇಳ್ಲೇಬೇಕು. ನಿಮಗೆ ಗೊತ್ತಲ್ಲ, 26 ವರ್ಷ ಬ್ಯಾಂಕಲ್ಲಿ ಸಾಲದ ಫೈಲ್ ನೋಡಿದವಳು ನಾನು. ಹಸು ಸಾಲಕ್ಕೂ ಎಷ್ಟು ಲೀಟರ್ ಹಾಲು ಕೊಡುತ್ತೆ ಅಂತ ಕೇಳ್ತಿದ್ದೆ. ಇವನು "ಚಿಕ್ಕಮ್ಮ, ಕಂತಲ್ಲಿ ಕಟ್ಬಹುದಂತೆ, ಸೇರ್ಲಾ?" ಅಂದಾಗ ಬಡ್ಡಿ ಎಷ್ಟು ಅಂತ ಮಾತ್ರ ಕೇಳಿ ಸೇರ್ಕೋ ಅಂದ್ಬಿಟ್ಟೆ. ಹೋದ ಬ್ಯಾಚಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ತು, ಬರ್ಸ್ಕೊಂಡು ಬಾ ಅನ್ನಲಿಲ್ಲ.

ಅವನ ಸಾಲದ ದಾಖಲೆ, ಅದೇ ಸಿಬಿಲ್ ಸ್ಕೋರ್, ಇನ್ನಷ್ಟು ಹಾಳಾಗ್ಬಾರ್ದು ಅಂತ ಬಾಕಿ ಎರಡು ಕಂತು ನಾನೇ ಕಟ್ಟಿದ್ದೀನಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡ್ಸಿದ್ದೀನಿ, ಬ್ರೋಷರು, ಮೆಸೇಜುಗಳು ಎಲ್ಲ ಇಟ್ಕೊಂಡಿದ್ದೀವಿ. ನಿಮ್ಮ ಮನೇಲೂ ಹೀಗಾಗಿದ್ರೆ ಇನ್‌ಬಾಕ್ಸ್ ಮಾಡಿ, ಪೇಪರ್ ಒಟ್ಟಿಗೆ ಕೂತು ನೋಡೋಣ.